ಮನೆಯೇ ಕಾರ್ಖಾನೆ, ಮೊಬೈಲೇ ಮಳಿಗೆ

ಬೇಸಿಗೆ ಕಾವೇರುತ್ತಿದ್ದಂತೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಲಸಿನ ಹಪ್ಪಳದ ಕೆಲಸ ಶುರುವಾಗುತ್ತದೆ. ಸೊಳೆ ಬಿಡಿಸುವವರು ಕೆಲವರು, ಬೇಯಿಸಿ ರುಬ್ಬುವವರು ಕೆಲವರು, ಉಂಡೆ ಕಟ್ಟಿ ಒತ್ತಿ ಚಾಪೆಯ ಮೇಲೆ ಹರವುವವರು ಇನ್ನು ಕೆಲವರು. ಅದೇ ಹೊತ್ತಿಗೆ ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಸಿದ್ಧವಾಗುತ್ತಿರುತ್ತವೆ. ಹಳೇ ಮೈಸೂರು ಕಡೆ ಸಂಡಿಗೆ, ಬಾಳಕ, ಹುರಿಹಿಟ್ಟು. ಪಟ್ಟಣದ ಬಡಾವಣೆಗಳಲ್ಲಿ ಸೀರೆಗೆ ಕುಚ್ಚು ಕಟ್ಟುವವರು, ಫಾಲ್ ಹಾಕುವವರು, ಬ್ಲೌಸ್ ಹೊಲಿಯುವವರು, ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಡುವವರು ವರ್ಷವಿಡೀ ಇದ್ದಾರೆ. ಇವರಲ್ಲಿ ಬಹಳ ಮಂದಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ, ಕೂಲಿಗೆ ಇಟ್ಟುಕೊಂಡ ಆಳಿಲ್ಲ.

ಇಂಥ ಮನೆಗಳ ಸರಕು ಹಿಂದೆ ಊರಿನ ಕಿರಾಣಿ ಅಂಗಡಿಯ ಗಾಜಿನ ಭರಣಿಗೋ ನೆಂಟರ ಚೀಲಕ್ಕೋ ಸೇರುತ್ತಿತ್ತು. ಅಂಗಡಿಯವರು ಹೇಳಿದ್ದೇ ಬೆಲೆ, ಕೊಟ್ಟಾಗಲೇ ದುಡ್ಡು. ಈಗ ಶಿರಸಿಯ ಹಪ್ಪಳಕ್ಕೆ ಬೆಂಗಳೂರಿನ ಫ್ಲ್ಯಾಟಿನಿಂದ ನೇರವಾಗಿ ಬೇಡಿಕೆ ಬರುತ್ತದೆ. ಹಣ ಕ್ಷಣದಲ್ಲಿ ಖಾತೆಗೆ ಬೀಳುತ್ತದೆ, ಪಾರ್ಸೆಲ್ ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಕೂತಲ್ಲೇ ನೋಡಬಹುದು. ಈ ಬದಲಾವಣೆಗೆ ಬೇಕಾದ ಸಲಕರಣೆಗಳಲ್ಲಿ ಹೆಚ್ಚಿನವು ಕಾಸು ಕೇಳುವುದಿಲ್ಲ. ಕೆಲವನ್ನು ಸರ್ಕಾರ ಕೊಟ್ಟಿದೆ, ಕೆಲವನ್ನು ದೊಡ್ಡ ಕಂಪನಿಗಳು ತಮ್ಮ ಲಾಭದ ಲೆಕ್ಕದಲ್ಲಿ ಬಿಟ್ಟುಕೊಟ್ಟಿವೆ, ಇನ್ನು ಕೆಲವು ದಶಕಗಳಿಂದ ಜಿಲ್ಲಾ ಕೇಂದ್ರದಲ್ಲೇ ಇದ್ದರೂ ಬಾಗಿಲು ತಟ್ಟುವವರು ಕಡಿಮೆ.

ಆದರೆ ಮನೆ ಉದ್ದಿಮೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟಿಯಾಗಿ ಹೋಗುತ್ತಿರುವುದು ಹೆಂಗಸರ ದುಡಿಮೆಯ ಗಂಟೆಗಳು. ಯಾವ ಆ್ಯಪ್ ಒಳ್ಳೆಯದು, ಯಾವ ಯೋಜನೆ ಉಪಯುಕ್ತ ಎಂದು ಅಳೆಯುವಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಆಕೆಯ ಸಮಯ ಉಳಿಸುತ್ತದೆಯೇ? ಉಳಿಸದಿದ್ದರೆ ಆ ಸಮಯಕ್ಕೆ ಬೆಲೆಯನ್ನಾದರೂ ತಂದುಕೊಡುತ್ತದೆಯೇ?

ಕಲಿಸುವವರು ಹತ್ತಿರದಲ್ಲೇ ಇದ್ದಾರೆ

1982ರಲ್ಲಿ ಉಜಿರೆಯಲ್ಲಿ ಒಂದು ಪ್ರಯೋಗ ಆರಂಭವಾಯಿತು. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆಗೂಡಿ ಗ್ರಾಮೀಣ ಯುವಜನರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಯನ್ನು ಕಟ್ಟಿದವು. ತರಬೇತಿ ಉಚಿತ, ಊಟ ವಸತಿಯೂ ಉಚಿತ. ಕಲಿತು ಹೋದವರನ್ನು ಅಲ್ಲಿಗೇ ಕೈಬಿಡದೆ ಬ್ಯಾಂಕ್ ಸಾಲದವರೆಗೂ ಬೆನ್ನು ಹಿಡಿದು ನಡೆಸುವುದು ಇದರ ವೈಶಿಷ್ಟ್ಯ. ಈ ಮಾದರಿ ಎಷ್ಟು ಫಲ ಕೊಟ್ಟಿತೆಂದರೆ, ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನೇ ಮುಂದಿಟ್ಟುಕೊಂಡು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ‘ಆರ್‌ಸೆಟಿ’ ಕೇಂದ್ರಗಳನ್ನು ಆರಂಭಿಸಿತು.

ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿ ತಯಾರಿಕೆಗೆ ಈ ಕೇಂದ್ರಗಳಲ್ಲಿ ಅಲ್ಪಾವಧಿಯ ತರಬೇತಿಯಿದೆ. ಹೊಲಿಗೆ, ಬ್ಯೂಟಿ ಪಾರ್ಲರ್ ಮುಂತಾದವಕ್ಕೆ ಸುಮಾರು ಒಂದು ತಿಂಗಳು. ಅಮ್ಮ, ಅಜ್ಜಿಯಿಂದ ಹಪ್ಪಳ ಕಲಿತವರಿಗೆ ತರಬೇತಿ ಯಾಕೆ ಎಂದು ಕೇಳುವವರುಂಟು. ಹಪ್ಪಳದ ಹದ ಅವರಿಗೆ ಗೊತ್ತಿರುವುದು ನಿಜ. ಅದೇ ರುಚಿಯನ್ನು ಐವತ್ತನೇ ಕಿಲೋದಲ್ಲೂ ಕಾಯ್ದುಕೊಳ್ಳುವುದು, ಮಳೆಗಾಲದಲ್ಲಿ ಪ್ಯಾಕೆಟ್ಟಿನೊಳಗೆ ಬೂಸ್ಟು ಬಾರದಂತೆ ನೋಡಿಕೊಳ್ಳುವುದು, ಬ್ಯಾಂಕಿನವರ ಮುಂದೆ ಯೋಜನಾ ವರದಿ ಇಟ್ಟು ಮಾತಾಡುವುದು ಬೇರೆಯೇ ವಿದ್ಯೆ. ಅದನ್ನು ಇಲ್ಲಿ ಕಲಿಸುತ್ತಾರೆ.

ಜಿಲ್ಲೆಗಳಲ್ಲಿರುವ ಕೃಷಿ ವಿಜ್ಞಾನ ಕೇಂದ್ರಗಳೂ ಹೀಗೆಯೇ. ಅಲ್ಲಿನ ಗೃಹವಿಜ್ಞಾನ ತಜ್ಞರು ಸಿರಿಧಾನ್ಯದ ತಿನಿಸು, ಹಣ್ಣಿನ ಜಾಮ್, ತರಕಾರಿ ಒಣಗಿಸುವಿಕೆಯಂಥ ಮೌಲ್ಯವರ್ಧನೆಯ ಪಾಠಗಳನ್ನು ಪ್ರಾತ್ಯಕ್ಷಿಕೆಯೊಂದಿಗೆ ಹೇಳಿಕೊಡುತ್ತಾರೆ. ಧಾರವಾಡದಲ್ಲಿ 1992ರಲ್ಲಿ ಹುಟ್ಟಿದ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ (ಸಿಡಾಕ್) ಮತ್ತು ಬೆಂಗಳೂರಿನಲ್ಲಿ 1983ರಲ್ಲಿ ಮಹಿಳಾ ಉದ್ಯಮಿಗಳೇ ಕಟ್ಟಿಕೊಂಡ ‘ಅವೇಕ್’ ಸಂಸ್ಥೆ ಉದ್ದಿಮೆ ನಡೆಸುವ ಕ್ರಮ ಕಲಿಸುತ್ತ ಬಂದಿವೆ. ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿರುವ ಸಿಎಫ್‌ಟಿಆರ್‌ಐ 1950ರಿಂದ ಆಹಾರ ಸಂಸ್ಕರಣೆಯ ಸಂಶೋಧನೆ ಮಾಡುತ್ತಿದೆ. ಅಲ್ಲಿನ ಸೇವೆಗಳಿಗೆ ಶುಲ್ಕವಿದೆ. ಆದರೂ ಉಪ್ಪಿನಕಾಯಿ ಎಷ್ಟು ತಿಂಗಳು ಕೆಡದೆ ಇರುತ್ತದೆ ಎಂಬ ಪ್ರಶ್ನೆಗೆ ಊಹೆಯಲ್ಲದ ಉತ್ತರ ಬೇಕಾದ ದಿನ ಇಂಥ ಪ್ರಯೋಗಾಲಯವೇ ದಾರಿ.

ಸಂಸ್ಥೆಯ ಹಂಗಿಲ್ಲದೆ ಕಲಿಕೆ ನಡೆದ ನಿದರ್ಶನವೂ ನಮ್ಮಲ್ಲಿದೆ. 2021ರಲ್ಲಿ ಕೊರೊನಾ ನಿರ್ಬಂಧಗಳ ನಡುವೆ ಬಾಳೆಕಾಯಿಯ ಬೆಲೆ ಕುಸಿದು ರೈತರು ಕಂಗಾಲಾಗಿದ್ದರು. ಪುತ್ತೂರಿನ ‘ಅಡಿಕೆ ಪತ್ರಿಕೆ’ ಆಗ ಬಾಳೆಕಾಯಿ ಹುಡಿಯ ಆಂದೋಲನವನ್ನು ಕೈಗೆತ್ತಿಕೊಂಡಿತು. ಕೇರಳದ ಕೃಷಿ ವಿಜ್ಞಾನಿಗಳ ತಿಳಿವಳಿಕೆ ಆನ್‌ಲೈನ್ ಪಾಠವಾಗಿ, ವಾಟ್ಸ್‌ಆ್ಯಪ್ ಗುಂಪುಗಳ ಫೋಟೊ ಮತ್ತು ಧ್ವನಿ ಸಂದೇಶವಾಗಿ ಹರಿಯಿತು. ಕಾಯಿ ಹೆಚ್ಚಿ, ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡುವುದನ್ನು ಮನೆ ಮನೆಯವರು ಕಲಿತರು. ಆ ಹುಡಿಯಿಂದ ರೊಟ್ಟಿ, ದೋಸೆ, ಗುಲಾಬ್ ಜಾಮೂನು ಮಾಡಿ ಪರಸ್ಪರ ತೋರಿಸಿಕೊಂಡರು. ‘ಬಾಕಾಹು’ ಎಂಬ ಅಡ್ಡಹೆಸರಿನಲ್ಲಿ ಅದು ಮಾರಾಟಕ್ಕೂ ಬಂತು. ಹೊಸ ಯಂತ್ರಕ್ಕೆ ಹಣ ಸುರಿಯುವ ಮೊದಲೇ ಜನ ಮಾಡಿ ನೋಡಿದ್ದರು, ತಿಂದು ನೋಡಿದ್ದರು, ಕೊಳ್ಳುವವರನ್ನೂ ಕಂಡುಕೊಂಡಿದ್ದರು.

ನೋಂದಣಿ: ಅರ್ಧ ಗಂಟೆಯ ಕೆಲಸ, ಹಲವು ಬಾಗಿಲುಗಳ ಕೀಲಿ

ಮನೆಯಲ್ಲಿ ಮಾಡುವ ಕೆಲಸಕ್ಕೆ ನೋಂದಣಿ ಯಾಕೆ ಎಂದು ಹಿಂಜರಿಯುವವರೇ ಹೆಚ್ಚು. 2020ರ ಜುಲೈ 1ರಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿಗೆ ಒಂದು ರೂಪಾಯಿಯೂ ಬೇಕಿಲ್ಲ. ಆಧಾರ್, ಪ್ಯಾನ್ ಸಂಖ್ಯೆ ಕೊಟ್ಟು, ಏನು ಕೆಲಸ ಮಾಡುತ್ತೇವೆ ಎಂದು ಸ್ವತಃ ಘೋಷಿಸಿಕೊಂಡರೆ ಸಾಕು, ದಾಖಲೆ ಲಗತ್ತಿಸುವ ಗೋಜಿಲ್ಲ. ಪ್ಯಾನ್ ಇಲ್ಲದ ಅತಿ ಸಣ್ಣ ಉದ್ದಿಮೆಗಳಿಗೆಂದು 2023ರ ಜನವರಿಯಲ್ಲಿ ‘ಉದ್ಯಮ್ ಅಸಿಸ್ಟ್’ ಎಂಬ ಇನ್ನೊಂದು ವ್ಯವಸ್ಥೆ ಬಂತು. ಬ್ಯಾಂಕಿನಲ್ಲಿ ಆದ್ಯತಾ ವಲಯದ ಸಾಲ ಕೇಳಲು ಈ ಪ್ರಮಾಣಪತ್ರ ಆಧಾರ. ತಮ್ಮ ಹಪ್ಪಳಕ್ಕೊಂದು ಹೆಸರಿಟ್ಟು ಟ್ರೇಡ್‌ಮಾರ್ಕ್ ಪಡೆಯಬೇಕೆಂದರೆ ಆನ್‌ಲೈನ್ ಅರ್ಜಿಯ 9,000 ರೂಪಾಯಿ ಶುಲ್ಕ ಉದ್ಯಮ್ ಸಂಖ್ಯೆ ಇರುವವರಿಗೆ 4,500ಕ್ಕೆ ಇಳಿಯುತ್ತದೆ. ಆ ಹೆಸರನ್ನು ಬೇರೆ ಯಾರಾದರೂ ಆಗಲೇ ಪಡೆದಿದ್ದಾರೆಯೇ ಎಂದು ಟ್ರೇಡ್‌ಮಾರ್ಕ್ ಇಲಾಖೆಯ ತಾಣದಲ್ಲಿ ಹುಡುಕುವುದಕ್ಕಂತೂ ಶುಲ್ಕವೇ ಇಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಅಂತರ್ಜಾಲದಲ್ಲಿ ‘ಉದ್ಯಮ್’ ಎಂದು ಹುಡುಕಿದರೆ ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಎದುರಾಗುತ್ತವೆ. ಅಶೋಕ ಸ್ತಂಭವನ್ನು ಹೋಲುವ ಚಿಹ್ನೆ ಹಾಕಿಕೊಂಡು ಸಾವಿರಾರು ರೂಪಾಯಿ ‘ಪ್ರೊಸೆಸಿಂಗ್ ಶುಲ್ಕ’ ಕೇಳುತ್ತವೆ. ಅಸಲಿ ತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಕೊನೆಯಾಗುತ್ತದೆ, ಹಣ ಕೇಳುವುದಿಲ್ಲ. ಸ್ವತಃ ಮಾಡಲು ಅಳುಕಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಬಹುದು. ಮಾರ್ಗದರ್ಶನ ಕೊಡುವುದು ಆ ಕಚೇರಿಯ ಕರ್ತವ್ಯ.

ತಿನ್ನುವ ವಸ್ತು ಮಾರುವವರಿಗೆ ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ, ಮನೆಯಲ್ಲೇ ಮಾಡಿದರೂ ಸರಿ. 2006ರ ಕಾಯ್ದೆಯಡಿ ರೂಪುಗೊಂಡ 2011ರ ನಿಯಮಾವಳಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟು ಇರುವ ಕಿರು ಉದ್ದಿಮೆಗಳಿಗೆ ಲೈಸೆನ್ಸಿನ ಬದಲು ಸರಳ ನೋಂದಣಿಯನ್ನು ತಂದಿತು. ಅದಕ್ಕೆ ನಿಗದಿಯಾದ ಶುಲ್ಕ ವರ್ಷಕ್ಕೆ 100 ರೂಪಾಯಿ. ‘ಫೋಸ್ಕೋಸ್’ ತಾಣದಲ್ಲಿ ಅರ್ಜಿ ಸಲ್ಲಿಸಿದರೆ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಅದು ಪ್ಯಾಕೆಟ್ಟಿನ ಮೇಲೆ ಇರಲೇಬೇಕು. ಜೊತೆಗೆ ಸಸ್ಯಾಹಾರವೆಂದು ಸೂಚಿಸುವ ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಹೆಚ್ಚಿನದರಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಬಳಸಿದ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ, ದೂರಿಗೆ ಸಂಪರ್ಕ ಸಂಖ್ಯೆ. ಶೇಂಗಾ, ಎಳ್ಳು, ಹಾಲು ಕೆಲವರ ಮೈಗೆ ಒಗ್ಗುವುದಿಲ್ಲ. ಹಾಗಾಗಿ ಚಟ್ನಿಪುಡಿಯ ಚೀಟಿಯಲ್ಲಿ ಶೇಂಗಾ ಇದೆ ಎಂದು ಸ್ಪಷ್ಟವಾಗಿ ಬರೆದರೆ ಒಬ್ಬರ ಜೀವಕ್ಕೆ ಅಪಾಯ ತಪ್ಪಬಹುದು.

ಜಿಎಸ್‌ಟಿ ಹೆಸರು ಕೇಳಿದರೇ ಭಯ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಹಪ್ಪಳಕ್ಕೆ ಜಿಎಸ್‌ಟಿಯೇ ಇಲ್ಲ. ಉಪ್ಪಿನಕಾಯಿ, ಚಿಪ್ಸ್‌ಗೆ ಇದೆ. ತೆರಿಗೆ ಇರುವ ಸರಕನ್ನು ರಾಜ್ಯದ ಗಡಿಯಾಚೆಗೆ ಮಾರಿದರೆ ಮಾತ್ರ ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಬೇಕಾಗುತ್ತದೆ. ಮುಂಬೈ, ಪುಣೆಯ ಕನ್ನಡಿಗರಿಗೆ ಉಪ್ಪಿನಕಾಯಿ ಕಳಿಸುವವರು ಇದನ್ನು ಗಮನಿಸಬೇಕು. ಹಿಂದೆ ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕು ಮಾರಲು ಜಿಎಸ್‌ಟಿ ಸಂಖ್ಯೆ ಇಲ್ಲದೆ ಸಾಧ್ಯವೇ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೇ ಮಾರುವ ಸಣ್ಣವರಿಗೆ ಪ್ಯಾನ್ ಆಧಾರದ ಒಂದು ಗುರುತಿನ ಸಂಖ್ಯೆ ಪಡೆದು ಮಾರಲು ಅವಕಾಶ ಸಿಕ್ಕಿದೆ.

ಲೆಕ್ಕದ ಪುಸ್ತಕದಲ್ಲಿ ತನ್ನದೂ ಒಂದು ಸಾಲು

1959ರ ಮಾರ್ಚ್ 15ರಂದು ಮುಂಬೈನ ಗಿರ್ಗಾಂವ್‌ನ ಕಟ್ಟಡವೊಂದರ ತಾರಸಿಯ ಮೇಲೆ ಏಳು ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಲು ಕೂತರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅದೇ ಮುಂದೆ ಲಿಜ್ಜತ್ ಪಾಪಡ್ ಆಯಿತು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಮಾರ್ಗದರ್ಶನ ಮಾಡಿದ ಛಗನಲಾಲ್ ಪಾರೇಖ್ ಮೊದಲಿನಿಂದಲೂ ಒತ್ತಿ ಹೇಳಿದ್ದು ಲೆಕ್ಕ ಸರಿಯಾಗಿ ಇಡಬೇಕೆಂದು. ಲಿಜ್ಜತ್‌ನ ಸದಸ್ಯೆಯರು ಕೇಂದ್ರದಿಂದ ಕಲಸಿದ ಹಿಟ್ಟು ಒಯ್ದು ಮನೆಯಲ್ಲೇ ಲಟ್ಟಿಸುತ್ತಾರೆ, ಒಣಗಿಸಿ ತಂದು ಒಪ್ಪಿಸುತ್ತಾರೆ. ಲಟ್ಟಿಸಿದ ತೂಕಕ್ಕೆ ಕೂಲಿ ಮೊದಲು ಕೈಸೇರುತ್ತದೆ. ಲಾಭ ಹಂಚಿಕೆ ಅನಂತರದ್ದು.

ಕೂಲಿ ಮೊದಲು ಎಂಬ ಈ ಕ್ರಮ ನಮ್ಮ ಮನೆಗಳ ಲೆಕ್ಕದಲ್ಲಿ ಕಾಣುವುದು ಅಪರೂಪ. ಒಂದು ಲೆಕ್ಕ ಹಾಕಿ ನೋಡೋಣ. ಐದು ಕಿಲೋ ಶೇಂಗಾ ಚಟ್ನಿಪುಡಿಗೆ ಸಾಮಗ್ರಿ 900 ರೂಪಾಯಿ, ಗ್ಯಾಸು ಮತ್ತು ಕರೆಂಟು 60, ಪ್ಯಾಕೆಟ್ ಮತ್ತು ಚೀಟಿ 120, ಆಟೊ ಬಾಡಿಗೆ 70 ಎಂದಿಟ್ಟುಕೊಳ್ಳಿ. ಒಟ್ಟು 1,150, ಅಂದರೆ ಕಿಲೋಗೆ 230 ರೂಪಾಯಿ. 280ಕ್ಕೆ ಮಾರಿದರೆ ಕಿಲೋಗೆ 50 ರೂಪಾಯಿ ಲಾಭ ಎಂದು ಮನೆಯವರೆಲ್ಲ ಸಂತೋಷಪಡುತ್ತಾರೆ. ಆದರೆ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ತೂಗಿ, ಕಟ್ಟುವುದಕ್ಕೆ ಏಳು ಗಂಟೆ ಹಿಡಿದಿದೆ. ಗಂಟೆಗೆ ಬರೀ 60 ರೂಪಾಯಿ ಹಿಡಿದರೂ 420 ಆಯಿತು. ಈಗ ನಿಜವಾದ ಅಸಲು 1,570, ಕಿಲೋಗೆ 314. ಲಾಭವೆಂದು ಎಣಿಸಿದ ಕಡೆ ಕಿಲೋಗೆ 34 ರೂಪಾಯಿ ನಷ್ಟವಿದೆ, ಅದನ್ನು ತುಂಬಿಕೊಟ್ಟಿದ್ದು ಆಕೆಯ ಬೆನ್ನು ಮತ್ತು ರಟ್ಟೆ. ಹೀಗೆ ಬರೆದು ನೋಡಿದ ಮೇಲೆ ಬೆಲೆ ಏರಿಸಬೇಕೇ, ಸಿಪ್ಪೆ ತೆಗೆದ ಶೇಂಗಾವನ್ನೇ ಕೊಂಡು ಎರಡು ಗಂಟೆ ಉಳಿಸಬೇಕೇ, ಒಮ್ಮೆಗೇ ಹತ್ತು ಕಿಲೋ ಮಾಡಬೇಕೇ ಎಂದು ಯೋಚಿಸಲು ದಾರಿಯಾಗುತ್ತದೆ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಮಕ್ಕಳ ಹಳೆಯ ನೋಟ್‌ಬುಕ್ಕೂ ಆದೀತು. ಮೊಬೈಲಿನಲ್ಲಿ ಮಾಡುವುದಾದರೆ ಗೂಗಲ್ ಶೀಟ್ಸ್ ಉಚಿತ, ಕನ್ನಡದಲ್ಲೇ ಬರೆಯಬಹುದು, ಕೂಡಿ ಕಳೆಯುವ ಕೆಲಸ ಅದೇ ಮಾಡುತ್ತದೆ. ಕಂಪ್ಯೂಟರ್ ಇರುವವರಿಗೆ ಲಿಬ್ರೆ ಆಫೀಸ್ ಇದೆ. ಉದ್ದರಿ ಕೊಡುವವರಿಗೆ ಬೆಂಗಳೂರಿನ ಖಾತಾಬುಕ್‌ನಂಥ ಆ್ಯಪ್‌ಗಳು ಯಾರಿಂದ ಎಷ್ಟು ಬರಬೇಕು ಎಂಬುದನ್ನು ನೆನಪಿಡುತ್ತವೆ. ‘ಅಕ್ಕಾ, ಹಿಂದಿನ ತಿಂಗಳ ದುಡ್ಡು’ ಎಂದು ಬಾಯಿಬಿಟ್ಟು ಕೇಳಲು ಸಂಕೋಚಪಡುವವರ ಪರವಾಗಿ ನೆನಪೋಲೆಯನ್ನೂ ಕಳಿಸುತ್ತವೆ.

ಲೆಕ್ಕದ ಬೆಲೆ ರಾಜ್ಯಕ್ಕೆಲ್ಲ ಅರ್ಥವಾಗಿದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ತರಕಾರಿ, ಹಾಲು ಮಾರುವವರಿಗೂ ಬಂತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಇಳಿದು ‘ನಗದು ಮಾತ್ರ’ ಎಂಬ ಚೀಟಿ ಏರಿತು. ವ್ಯಾಪಾರಿಗಳ ಪ್ರತಿಭಟನೆಯ ಬಳಿಕ, ವಿನಾಯಿತಿ ಇರುವ ಸರಕಿಗೆ ತೆರಿಗೆ ಇಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿತು. ಆದರೂ ಯಾವುದು ಮಾರಾಟದ ಹಣ, ಯಾವುದು ಚೀಟಿ ಹಣ, ಯಾವುದು ತವರಿನಿಂದ ಬಂದದ್ದು ಎಂದು ತೋರಿಸಲಾಗದೆ ಒದ್ದಾಡುವ ಪಾಡು ಯಾರಿಗೂ ಬೇಡ. ವ್ಯಾಪಾರಕ್ಕೆಂದೇ ಬೇರೆ ಬ್ಯಾಂಕ್ ಖಾತೆ, ಏನು ಮಾರಿದೆವು ಎಂಬ ದಿನವಹಿ, ಕೊಂಡ ಸಾಮಗ್ರಿಯ ಬಿಲ್ಲುಗಳ ಒಂದು ಫೈಲು ಇದ್ದರೆ ಉತ್ತರ ಕೈಯಲ್ಲೇ ಇರುತ್ತದೆ.

ಜಗಲಿ ಕಾಣಿಸದೆ ಮಳಿಗೆ ತೆರೆಯುವುದು

ಮನೆಯಿಂದ ವ್ಯಾಪಾರ ಮಾಡುವ ಹೆಂಗಸರ ಒಂದು ಆತಂಕ, ಫೋನ್ ನಂಬರು ಮತ್ತು ಮನೆ ವಿಳಾಸ ಎಲ್ಲರ ಕೈಗೆ ಸಿಕ್ಕಿಬಿಡುತ್ತದಲ್ಲ ಎಂಬುದು. 2018ರ ಜನವರಿಯಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಈ ಆತಂಕವನ್ನು ಸ್ವಲ್ಪ ಇಳಿಸುತ್ತದೆ. ಸ್ವಂತ ವಾಟ್ಸ್‌ಆ್ಯಪ್ ಇರುವ ಫೋನಿನಲ್ಲೇ ಇನ್ನೊಂದು ಸಂಖ್ಯೆಗೆ ಇದನ್ನು ಹಾಕಿಕೊಳ್ಳಬಹುದು. ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದರೆ ಆ ಸಂಖ್ಯೆಗೂ ಆದೀತು. ಖಾತರಿಯ ಸಂಕೇತವನ್ನು ವಾಟ್ಸ್‌ಆ್ಯಪ್ ಕರೆ ಮಾಡಿ ಹೇಳುತ್ತದೆ. ಹಪ್ಪಳ, ಸಂಡಿಗೆ, ಪುಡಿಗಳ ಚಿತ್ರ ಮತ್ತು ಬೆಲೆಯನ್ನು ಕ್ಯಾಟಲಾಗ್‌ನಲ್ಲಿ ಜೋಡಿಸಿಟ್ಟರೆ ‘ರೇಟೆಷ್ಟು?’ ಎಂಬ ಪ್ರಶ್ನೆಗೆ ದಿನಕ್ಕೆ ಹತ್ತಾರು ಸಲ ಉತ್ತರ ಬರೆಯುವುದು ತಪ್ಪುತ್ತದೆ. ‘ಹೊಸ ಆರ್ಡರ್’, ‘ಹಣ ಬರಬೇಕು’, ‘ಕಳಿಸಿದೆ’ ಎಂಬ ಪಟ್ಟಿಗಳನ್ನು ಒಬ್ಬೊಬ್ಬ ಗಿರಾಕಿಯ ಹೆಸರಿಗೂ ಅಂಟಿಸಬಹುದು. ರಾತ್ರಿ ಒಂಬತ್ತರ ಮೇಲೆ ಬಂದ ಸಂದೇಶಕ್ಕೆ ‘ನಾಳೆ ಬೆಳಿಗ್ಗೆ ಉತ್ತರಿಸುತ್ತೇವೆ’ ಎಂದು ತಾನಾಗಿಯೇ ಹೋಗುವಂತೆ ಮಾಡಬಹುದು. ಮನೆ ಮತ್ತು ಉದ್ದಿಮೆ ಒಂದೇ ಸೂರಿನಡಿ ಇರುವಾಗ ದಿನದ ಕೆಲಸಕ್ಕೊಂದು ಮುಗಿಯುವ ಹೊತ್ತು ಕೊಡುವ ಈ ಸಣ್ಣ ಅನುಕೂಲ ದೊಡ್ಡದು. ಒಮ್ಮೆಗೇ ಎಲ್ಲರಿಗೂ ಸುದ್ದಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೂ ಇದೆ. ಆದರೆ ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಅದು ತಲುಪುತ್ತದೆ. ಹಾಗಾಗಿ ಮೊದಲ ಪ್ಯಾಕೆಟ್ಟಿನ ಜೊತೆಗೇ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಇಡುವುದು ಜಾಣತನ.

ಗೂಗಲ್ ನಕ್ಷೆಯಲ್ಲಿ ಕಾಣಿಸಿಕೊಳ್ಳಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಮನೆಯಿಂದ ಕೆಲಸ ಮಾಡುವವರು ವಿಳಾಸವನ್ನು ಮರೆಮಾಡಿ ‘ವಿಜಯನಗರ, ರಾಜಾಜಿನಗರ’ ಎಂಬಂತೆ ಸೇವೆ ಕೊಡುವ ಪ್ರದೇಶವನ್ನಷ್ಟೇ ತೋರಿಸಬಹುದು. ‘ಹತ್ತಿರದ ಬ್ಲೌಸ್ ಟೈಲರ್’ ಎಂದು ಹುಡುಕುವವರಿಗೆ ಹೆಸರು ಕಾಣುತ್ತದೆ, ಮನೆಯ ಬಾಗಿಲು ಕಾಣುವುದಿಲ್ಲ.

ಚಿತ್ರಕ್ಕೆ ಕಿಟಕಿಯ ಬೆಳಕು ಸಾಕು. ಬೆಳಗಿನ ಬಿಸಿಲು ನೇರ ಬೀಳದ ಕಿಟಕಿಯ ಬಳಿ ಬಿಳಿ ಪಂಚೆ ಹಾಸಿ, ಅದರ ಮೇಲೆ ಪುಡಿಯನ್ನು ಹಿತ್ತಾಳೆಯ ಬಟ್ಟಲಲ್ಲಿಟ್ಟು ತೆಗೆದ ಮೊಬೈಲ್ ಚಿತ್ರ ಟ್ಯೂಬ್‌ಲೈಟಿನಡಿ ತೆಗೆದದ್ದಕ್ಕಿಂತ ಎಷ್ಟೋ ಮೇಲು. ಚೀಟಿ ವಿನ್ಯಾಸಕ್ಕೆ ಆಸ್ಟ್ರೇಲಿಯಾದ ಕ್ಯಾನ್ವಾ ಆ್ಯಪ್‌ನ ಉಚಿತ ಆವೃತ್ತಿ ಇದೆ. ಕನ್ನಡದ ಅಕ್ಷರಗಳಿಗೂ ಈಗ ಬಡತನವಿಲ್ಲ. ಗೂಗಲ್ ಫಾಂಟ್ಸ್ ಸಂಗ್ರಹದಲ್ಲಿ ಬೆಣ್ಣೆ, ಹುಬ್ಬಳ್ಳಿ, ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಮುಂತಾದ ಮುಕ್ತ ಪರವಾನಗಿಯ ಕನ್ನಡ ಅಕ್ಷರಶೈಲಿಗಳಿವೆ. ಇವನ್ನು ವ್ಯಾಪಾರಕ್ಕೆ ಬಳಸಲೂ ಯಾರಿಗೂ ಹಣ ಕೊಡಬೇಕಿಲ್ಲ. ಹಪ್ಪಳದ ಹೆಸರು ದಪ್ಪ ಕನ್ನಡ ಅಕ್ಷರಗಳಲ್ಲಿ ಚೆಂದವಾಗಿ ಕಾಣುವ ಪ್ಯಾಕೆಟ್ ನಮ್ಮ ಅಂಗಡಿಗಳ ಸಾಲಿನಲ್ಲಿ ಎದ್ದು ನಿಲ್ಲುತ್ತದೆ.

ದುಡ್ಡು ಬರುವ ದಾರಿ, ಸರಕು ಹೋಗುವ ದಾರಿ

2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ಪಡೆಯುವಂತಿಲ್ಲ. ಕ್ಯೂಆರ್ ಕೋಡನ್ನು ಮನೆಯ ಪ್ರಿಂಟರಿನಲ್ಲೇ ಮುದ್ರಿಸಿಕೊಳ್ಳಬಹುದು. ‘ಹಣ ಬಂದಿದೆ’ ಎಂದು ಕೂಗಿ ಹೇಳುವ ಪೆಟ್ಟಿಗೆಗೆ ತಿಂಗಳ ಬಾಡಿಗೆ ಇರಬಹುದು. ದಿನಕ್ಕೆ ನಾಲ್ಕಾರು ಆರ್ಡರ್ ಇರುವ ಮನೆಗೆ ಅದು ಬೇಕಿಲ್ಲ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಿ ಸರಕು ಕಳಿಸಬಾರದು, ಬ್ಯಾಂಕಿನ ಸಂದೇಶ ಅಥವಾ ಖಾತೆಯನ್ನೇ ನೋಡಬೇಕು. ‘ಮುಂಗಡ ಕಳಿಸುತ್ತೇನೆ, ಪಿನ್ ಒತ್ತಿ’ ಎನ್ನುವವರಿದ್ದಾರೆ. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆ ಸಹಾಯವಾಣಿಯೂ ಉಚಿತ.

ಖಾಸಗಿ ಕೊರಿಯರ್ ಎಷ್ಟೇ ಬೆಳೆದರೂ ಹಳ್ಳಿಯಿಂದ ಹಳ್ಳಿಗೆ ಹೋಗುವ ಸರಕಿಗೆ ಅಂಚೆಯೇ ಗಟ್ಟಿ. 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳ ಜಾಲ ಬೇರೆ ಯಾರಿಗೂ ಇಲ್ಲ. ತೂಕಕ್ಕೆ ತಕ್ಕ ದರವನ್ನು ಅಂಚೆ ಇಲಾಖೆಯ ತಾಣದಲ್ಲಿ ಮೊದಲೇ ನೋಡಿಕೊಂಡರೆ ಬೆಲೆಯಲ್ಲಿ ಸಾಗಣೆಯನ್ನು ಸರಿಯಾಗಿ ಸೇರಿಸಬಹುದು. ಅರ್ಧ ಕಿಲೋ ಹಪ್ಪಳದ ಪೊಟ್ಟಣ ಡಬ್ಬಿ ಸೇರಿ ಮುಂದಿನ ತೂಕದ ಮೆಟ್ಟಿಲಿಗೆ ಏರಿದರೆ ದರವೂ ಏರುತ್ತದೆ. ಅಳತೆ ಸ್ವಲ್ಪ ಬದಲಿಸಿದರೆ ಆ ಹಣ ಉಳಿಯುತ್ತದೆ.

ಸಾಲ, ಸಹಾಯಧನ

ಹೊಸ ಯಂತ್ರ, ದೊಡ್ಡ ಒಲೆ, ಹಿಟ್ಟಿನ ಗಿರಣಿ ಬೇಕೆನಿಸಿದಾಗ ಬಡ್ಡಿ ಸಾಲದವರ ಬಾಗಿಲಿಗೆ ಹೋಗುವ ಮೊದಲು ಕೆಲವು ಹೆಸರು ನೆನಪಿರಲಿ. 2015ರ ಏಪ್ರಿಲ್‌ನಲ್ಲಿ ಬಂದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದ ಸಾಲ ಸಿಗುತ್ತದೆ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ ಯೋಜನೆ 3 ಲಕ್ಷ ರೂಪಾಯಿವರೆಗಿನ ಬ್ಯಾಂಕ್ ಸಾಲಕ್ಕೆ ಸಹಾಯಧನ ಕೊಡುತ್ತದೆ. ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರಿಗೆ ಅದರ ಅರ್ಧದಷ್ಟು ಸಹಾಯಧನವೇ ಆಗಬಹುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಗಳು, ಕುಂಬಾರರು, ಹೂಮಾಲೆ ಕಟ್ಟುವವರು, ಬುಟ್ಟಿ ಹೆಣೆಯುವವರು ಇದ್ದಾರೆ. ತರಬೇತಿಯ ದಿನವೊಂದಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಇದರಲ್ಲಿದೆ. ತರಬೇತಿಗೆ ಕಳೆದ ದಿನವನ್ನೂ ದುಡಿಮೆಯ ದಿನವೆಂದು ಒಪ್ಪಿಕೊಂಡಿರುವುದು ಈ ಯೋಜನೆಯ ಒಳ್ಳೆಯ ಗುಣ.

ಆಹಾರ ತಯಾರಿಕೆಯಲ್ಲಿರುವವರಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆ ಹೆಚ್ಚು ಹತ್ತಿರದ್ದು. ಕೇಂದ್ರದ ಶೇಕಡಾ 35 ಸಹಾಯಧನಕ್ಕೆ ಕರ್ನಾಟಕ ತನ್ನ ಶೇಕಡಾ 15 ಸೇರಿಸಿ ಯೋಜನಾ ವೆಚ್ಚದ ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿವರೆಗೆ ನೆರವು ಕೊಡುವ ವ್ಯವಸ್ಥೆ ಮಾಡಿತು. ಸ್ವಸಹಾಯ ಗುಂಪಿನ ಸದಸ್ಯೆಯರಿಗೆ ತಲಾ 40,000 ರೂಪಾಯಿವರೆಗೆ ಮೂಲ ಬಂಡವಾಳವೂ ಇದರಲ್ಲಿದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ ಸಂಸ್ಥೆ. ಜಿಲ್ಲೆಗಳಲ್ಲಿ ಇದಕ್ಕೆಂದೇ ನೇಮಕವಾದ ಸಂಪನ್ಮೂಲ ವ್ಯಕ್ತಿಗಳು ಯೋಜನಾ ವರದಿ ಬರೆಯುವುದು, ಬ್ಯಾಂಕಿಗೆ ಅರ್ಜಿ ಹಾಕುವುದು, ಆಹಾರ ನೋಂದಣಿ ಎಲ್ಲಕ್ಕೂ ಕೈಜೋಡಿಸುತ್ತಾರೆ. ಅವರ ಸಂಭಾವನೆಯನ್ನು ಯೋಜನೆಯೇ ಕೊಡುತ್ತದೆ, ಅರ್ಜಿದಾರರು ಕೊಡಬೇಕಿಲ್ಲ. ಮಧ್ಯವರ್ತಿಗಳಿಗೆ ಸಾವಿರಗಟ್ಟಲೆ ತೆತ್ತವರಲ್ಲಿ ಎಷ್ಟೋ ಮಂದಿಗೆ ಇಂಥವರಿದ್ದಾರೆ ಎಂಬುದೇ ತಿಳಿದಿರುವುದಿಲ್ಲ. ಅರ್ಜಿ ಹಾಕುವ ಮೊದಲು ಯೋಜನೆ ಈಗ ಯಾವ ಹಂತದಲ್ಲಿದೆ, ಷರತ್ತು ಬದಲಾಗಿದೆಯೇ ಎಂದು ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ರೊಟ್ಟಿ ಹೇಳುವ ಪಾಠ

ಬಿಟ್ಟಿ ಸಲಕರಣೆಗಳಿಗೆ ಮಿತಿಯೂ ಇದೆ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆಗೆ ಸಣ್ಣ ಉದ್ದಿಮೆಗಳಿಗೆ ಪುಟ್ಟ ಜಾಲತಾಣವನ್ನೂ ಉಚಿತವಾಗಿ ಕೊಟ್ಟಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿತು. ಆ ವಿಳಾಸವನ್ನೇ ಚೀಟಿಯಲ್ಲಿ ಮುದ್ರಿಸಿದ್ದವರು ಚೀಟಿಯನ್ನೇ ಬದಲಿಸಬೇಕಾಯಿತು. ಗಿರಾಕಿಗಳ ಹೆಸರು, ಸಂಖ್ಯೆ, ಯಾರಿಗೆ ಏನು ಇಷ್ಟ ಎಂಬ ವಿವರ ಒಂದೇ ಆ್ಯಪ್‌ನೊಳಗೆ ಸಿಕ್ಕಿಕೊಂಡಿರಬಾರದು. ತಿಂಗಳಿಗೊಮ್ಮೆ ಅದನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವುದು ಕ್ಷೇಮ.

ಇನ್ನೊಂದು ಮಿತಿ ಒಂಟಿತನದ್ದು. ಒಬ್ಬಾಕೆ ಹಪ್ಪಳ ಒತ್ತಿ, ಚಿತ್ರ ತೆಗೆದು, ಸಂದೇಶಕ್ಕೆ ಉತ್ತರಿಸಿ, ಅಂಚೆಗೆ ಓಡಿ, ಲೆಕ್ಕ ಬರೆದು, ಅರ್ಜಿ ತುಂಬುವುದು ದಿನದ ಇಪ್ಪತ್ತನಾಲ್ಕು ಗಂಟೆಗೆ ಮೀರಿದ ಕೆಲಸ. ಕಲಬುರಗಿಯಲ್ಲಿ ಇದಕ್ಕೊಂದು ಉತ್ತರ ರೂಪುಗೊಂಡಿದೆ. ಜೋಳದ ರೊಟ್ಟಿ ಬಡಿಯುವ ಮಹಿಳೆಯರ ಗುಂಪುಗಳನ್ನು ಜಿಲ್ಲಾಡಳಿತ ಒಂದುಗೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಮಾರುಕಟ್ಟೆಗೆ ತಂದಿತು. 2025ರ ಜೂನ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ಪ್ರಯತ್ನವನ್ನು ಪ್ರಸ್ತಾಪಿಸಿದಾಗ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿತ್ತು, ಬೆಂಗಳೂರಿನಲ್ಲೂ ಒಂದು ಮಳಿಗೆ ತೆರೆದಿತ್ತು. ಬಡಿಯುವ ಕೈ ಹಲವು. ಹೆಸರು, ಪ್ಯಾಕಿಂಗ್, ಆರ್ಡರ್ ಹಿಡಿಯುವ ವ್ಯವಸ್ಥೆ ಒಂದೇ. ಒಬ್ಬೊಬ್ಬರ ಮೇಲೂ ಬೀಳುತ್ತಿದ್ದ ಮಾರಾಟದ ಹೊರೆ ಹೀಗೆ ಹಂಚಿಹೋಗುತ್ತದೆ.

ಇದು ಕಲಬುರಗಿಗೆ ಮಾತ್ರ ಮೀಸಲಾಗಬೇಕಿಲ್ಲ. ಸ್ತ್ರೀಶಕ್ತಿ ಗುಂಪುಗಳು 2000ದಿಂದ ನಮ್ಮ ಹಳ್ಳಿಗಳಲ್ಲಿವೆ, ಸಂಜೀವಿನಿ ಒಕ್ಕೂಟಗಳಿವೆ. ಕೊರತೆ ಇರುವುದು ಈ ಎಲ್ಲ ನೆರವನ್ನು ಒಂದೇ ಮೇಜಿನ ಮೇಲೆ, ಕನ್ನಡದಲ್ಲಿ, ಹೆಂಗಸರ ಬಿಡುವಿನ ಹೊತ್ತಿಗೆ ತಂದಿಡುವವರದ್ದು. ಉದ್ಯಮ್ ಒಂದು ತಾಣ, ಆಹಾರ ನೋಂದಣಿ ಇನ್ನೊಂದು, ಸಾಲ ಮತ್ತೊಂದು. ಅರ್ಜಿಗಳ ಭಾಷೆ ಬಹುಪಾಲು ಇಂಗ್ಲಿಷ್. ಚಟ್ನಿಪುಡಿಯ ಪದಾರ್ಥಗಳನ್ನು ಬಾಯಿಪಾಠವಾಗಿ ಹೇಳಬಲ್ಲ ಮಹಿಳೆ ಆ ಪರದೆಯ ಮುಂದೆ ಮಗನನ್ನೋ ಸೈಬರ್ ಅಂಗಡಿಯವರನ್ನೋ ಕಾಯುತ್ತ ಕೂರಬೇಕಾಗಿದೆ. ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ವಾರಕ್ಕೊಂದು ಮಧ್ಯಾಹ್ನ, ಅಡುಗೆ ಮುಗಿದು ಮಕ್ಕಳು ಶಾಲೆಯಿಂದ ಬರುವ ಮೊದಲಿನ ಎರಡು ಗಂಟೆ, ಕೈಗಾರಿಕಾ ಕೇಂದ್ರದವರು, ಪಿಎಂಎಫ್‌ಎಂಇ ಸಂಪನ್ಮೂಲ ವ್ಯಕ್ತಿ, ಬ್ಯಾಂಕಿನ ಒಬ್ಬ ಸಿಬ್ಬಂದಿ ಒಟ್ಟಿಗೆ ಕೂತರೆ ಈಗ ತಿಂಗಳು ಹಿಡಿಯುವ ಓಡಾಟ ಒಂದೇ ಸಲಕ್ಕೆ ಮುಗಿಯುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ. ಹಲಸಿನ ಮುಂದಿನ ಸುಗ್ಗಿಗೆ ಮೊದಲು ಒಂದೆರಡು ತಾಲ್ಲೂಕುಗಳಲ್ಲಿ ಇದನ್ನು ಮಾಡಿ ನೋಡಲು ಜಿಲ್ಲಾ ಪಂಚಾಯಿತಿಗಳಿಗೆ ಯಾವ ಅಡ್ಡಿಯೂ ಇಲ್ಲ.